ಹಳೇ ಡಬ್ಬಿ ಹರಾಜಿಗಿಡುವ ಮುನ್ನ...

ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ಏನೆಲ್ಲಾ ಇಳಿಯುತ್ತೆ, ಅಲ್ವಾ? ಅಜ್ಜಿಯ ಹಿತ್ತಾಳೆ ಎಲೆಅಡಿಕೆ ಪೆಟ್ಟಿಗೆ, ಮಾವನವರ ಅಂಚೆಚೀಟಿ ಆಲ್ಬಂ, ಹಾಲುಪುಡಿ ಡಬ್ಬಿ ತುಂಬ ಹಳೇ ಕಾಸು. ಗುಜರಿಯವನನ್ನು ಕರೆದರೆ ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗಿಬಿಡುತ್ತಾನೆ. ಅವನ ಲೆಕ್ಕದಲ್ಲಿ ಹಿತ್ತಾಳೆ ಅಂದ್ರೆ ಹಿತ್ತಾಳೆ, ಅಷ್ಟೇ. ಆದರೆ ಅಂಥದ್ದನ್ನೇ ಹುಡುಕುತ್ತಾ ಎಲ್ಲೋ ಕೂತಿರುವ ಸಂಗ್ರಹಕಾರರ ಲೆಕ್ಕವೇ ಬೇರೆ. ಅವರನ್ನು ನಿಮ್ಮ ಮನೆ ಬಾಗಿಲಿಗೆ ತರುವುದೇ ಆನ್‌ಲೈನ್ ಹರಾಜು.

ಇದು ನಮ್ಮಲ್ಲಿ ತೀರಾ ಹೊಸದಲ್ಲ. ಬಾಝೀ ಡಾಟ್ ಕಾಂ ಎಂಬ ಭಾರತದ ಹರಾಜು ತಾಣವನ್ನು ಅಮೆರಿಕದ ಈಬೇ 2004ರಲ್ಲೇ ಕೊಂಡುಕೊಂಡಿತ್ತು. ಆ ಈಬೇ ಇಂಡಿಯಾ 2018ರಲ್ಲಿ ಬಾಗಿಲು ಹಾಕಿತು. ಈಗ ಹಳೇ ಸೋಫಾ, ಫ್ರಿಜ್ ಮಾರಲು ಓಎಲ್ಎಕ್ಸ್‌ನಂಥ ತಾಣಗಳಿವೆ. ಅಲ್ಲಿ ನಡೆಯುವುದು ಹರಾಜಲ್ಲ, ನಮಗೆಲ್ಲಾ ಚೆನ್ನಾಗಿ ಬರುವ ಚೌಕಾಸಿ! ನಾಣ್ಯ, ನೋಟುಗಳಿಗಾದರೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾದಂಥ ಹರಾಜು ಸಂಸ್ಥೆಗಳುಂಟು. ಅವರು ಕಮಿಷನ್ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಮೊದಲೇ ಬರಹದಲ್ಲಿ ಕೇಳಿ.

ಡಬ್ಬಿಯ ಕಾಸನ್ನು ಮೊದಲು ಬೇರೆ ಬೇರೆ ಮಾಡಿಕೊಳ್ಳಿ. ಆರನೇ ಜಾರ್ಜ್ ದೊರೆಯ ಮುಖವಿರುವ ಒಂದು ರೂಪಾಯಿ ನಾಣ್ಯಗಳು ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ಆದರೆ 1939ರವರೆಗಿನ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಭಾಗ ಬೆಳ್ಳಿ. ಯುದ್ಧ ಶುರುವಾದ ಮೇಲೆ, 1940ರಿಂದ, ಅರ್ಧಕ್ಕರ್ಧ. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಹಿಡಿದು ನೋಡಿ, ಟಪಕ್ಕನೆ ಅಂಟಿಕೊಳ್ಳುತ್ತೆ. ಇಸವಿಯ ಹತ್ತಿರ ಪುಟ್ಟ ವಜ್ರದ ಗುರುತೋ ನಕ್ಷತ್ರವೋ ಇದೆಯಾ ಅಂತ ಇವತ್ತಿನ ಚಿಲ್ಲರೆಯಲ್ಲೂ ನೋಡಬಹುದು. ವಜ್ರ ಮುಂಬೈ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತಾದ್ದು. ಒಂದೇ ಇಸವಿಯ ನಾಣ್ಯಕ್ಕೂ ಟಂಕಸಾಲೆ ನೋಡಿ ಬೆಲೆ ಬದಲಾಗುವುದುಂಟು.

ಈಗ ನಮ್ಮ ಕೈಗಳ ವಿಷಯ. ಮಾಸಿದ್ದು ಕಂಡರೆ ಸುಮ್ಮನಿರಲ್ಲ ನಾವು! ಹುಣಸೆಹಣ್ಣು, ಪೀತಾಂಬರಿ ಪುಡಿ ಹಾಕಿ ಉಜ್ಜಿ ಫಳಫಳ ಮಾಡಿಬಿಡುತ್ತೇವೆ. ದಯವಿಟ್ಟು ಬೇಡ. ವರ್ಷಾನುಗಟ್ಟಲೆ ಕೂತ ಆ ಕಪ್ಪು ಛಾಯೆಯೇ ಸಂಗ್ರಹಕಾರರಿಗೆ ಬೇಕಾದದ್ದು. ಉಜ್ಜಿದ ಗೀರು ಕಂಡರೆ ಬೆಲೆ ಇಳಿಸಿಬಿಡುತ್ತಾರೆ. ಹಳೇ ಲಕೋಟೆಗಳಿಂದ ಸ್ಟಾಂಪ್ ಕಿತ್ತು ಇಡುವುದೂ ಬೇಡ. ಅಂಚೆ ಮುದ್ರೆ ಬಿದ್ದ ಇಡೀ ಲಕೋಟೆಗೇ ಹೆಚ್ಚು ಬೇಡಿಕೆ ಇರುವುದುಂಟು. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಎಲ್ಲಾದರೂ ಸವೆದಿದ್ದರೆ ನೀವೇ ಬರೆದುಬಿಡಿ, ಆಮೇಲೆ ವಾಪಸ್ಸಿನ ತಕರಾರು ಇರುವುದಿಲ್ಲ.

ನೂರು ವರ್ಷ ತುಂಬಿದ ನಾಣ್ಯ, ವಿಗ್ರಹ, ಚಿತ್ರಗಳ ವಿಷಯದಲ್ಲಿ ಮಾತ್ರ ಹುಷಾರು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ದೇವರಮನೆಯ ಹಳೇ ಪಂಚಲೋಹದ ಮೂರ್ತಿಯ ಫೋಟೊ ಹಾಕಿ ‘ವಿದೇಶದವರು ಕೇಳ್ತಿದ್ದಾರೆ’ ಎಂದು ಹಿಗ್ಗಬೇಡಿ. ಅತ್ತೆಯವರನ್ನು ಒಂದು ಮಾತು ಕೇಳದೆ ಏನನ್ನೂ ಹರಾಜಿಗಿಡಬೇಡಿ. ಹೋದದ್ದು ತಿರುಗಿ ಬರುವುದಿಲ್ಲ, ಮಾತು ಮಾತ್ರ ಉಳಿದುಬಿಡುತ್ತೆ.

ಇನ್ನು ‘ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ’ ಅನ್ನೋ ಸುದ್ದಿಗಳು. ಆ ನಾಣ್ಯ ಬಿಡುಗಡೆಯಾದದ್ದು 2012ರಲ್ಲಿ, ಅಪರೂಪವೇನಲ್ಲ. ಯಾರು ಎಷ್ಟು ಕೇಳಿದ್ದಾರೆ ಎನ್ನುವುದನ್ನು ಬಿಡಿ, ಹರಾಜು ಮುಗಿದಾಗ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ. ಆ ಹತ್ತು ಲಕ್ಷ ಕೊಡಲು ಮೊದಲು ‘ರಿಸರ್ವ್ ಬ್ಯಾಂಕ್ ಶುಲ್ಕ’ ಕಟ್ಟಿ ಅಂದರೆ ಫೋನ್ ಇಟ್ಟುಬಿಡಿ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಸೈನ್ಯದಲ್ಲಿದ್ದೇನೆ, ನೋಡದೆಯೇ ತಗೋತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರೂ ಇದ್ದಾರೆ. ನಮಗೆ ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಯೇ ಇಲ್ಲ! ಒತ್ತಿದರೆ ಹೋಗುವುದು ನಮ್ಮ ದುಡ್ಡೇ. ಅಕಸ್ಮಾತ್ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹರಾಜಿನ ಹಣಕ್ಕೆ ಖಾತೆ ನಂಬರ್ ಕೇಳಿದಾಗ ನಿಮ್ಮದೇ ಹೆಸರಿನ ಉಳಿತಾಯ ಖಾತೆಯದ್ದನ್ನು ಕೊಡಿ. ಯಜಮಾನರ ಖಾತೆಗೆ ಹೋದದ್ದು ತಿಂಗಳ ದಿನಸಿಯಲ್ಲಿ ಕರಗಿಹೋಗುತ್ತೆ, ಗೊತ್ತಲ್ವಾ!