ಬಾರಕೂರಿನ ಕಾಜಿ, ವಿಜಾಪುರದ ಕೆಂಪು ಟೊಪ್ಪಿಗೆ

ಕ್ರಿ. ಶ. 1342ರ ಸುಮಾರಿಗೆ ನಮ್ಮ ಕರಾವಳಿಯ ರೇವುಗಳನ್ನು ಒಂದೊಂದಾಗಿ ಕಂಡು ಸಾಗಿದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು, ಬಸರೂರಿನಲ್ಲಿ ಬಡಬಗ್ಗರಿಗಾಗಿ ಧನವನ್ನು ವ್ಯಯಿಸಿದ ಶೇಖ್ ಜುಮಾ ಎಂಬ ಮುಖಂಡನನ್ನೂ, ಬಾರಕೂರಿನಲ್ಲಿ ಹಿಂದೂ ಅರಸನ ಆಳ್ವಿಕೆಯಲ್ಲಿಯೇ ನ್ಯಾಯಾಧೀಶನಾದ ಕಾಜಿಯನ್ನೂ ಪ್ರವಚನ ನೀಡುವ ಖತೀಬನನ್ನೂ ಶುಕ್ರವಾರದ ನಮಾಜಿಗೊಂದು ಮಸೀದಿಯನ್ನೂ ಹೊಂದಿದ್ದ ಮುಸಲ್ಮಾನ ಸಮುದಾಯವನ್ನೂ ಸ್ಮರಿಸಿದ್ದಾನೆ. ಹೊನ್ನಾವರದವರೂ ಮಂಗಳೂರಿನ ಕಾಜಿಯೂ ಸುನ್ನಿಗಳ ಶಾಫಿ ಪಂಥದವರೆಂದು ಬರೆದ ಆತನು, ಕೊಲ್ಲಮಿಗೆ ಬಂದಾಗ ಮಾತ್ರ, ಶಿಯಾ ಮತವನ್ನು ಮುಚ್ಚುಮರೆಯಿಲ್ಲದೆ ಆಚರಿಸುತ್ತಿದ್ದ ಇರಾಕಿ ವರ್ತಕನೊಬ್ಬನನ್ನು ಹೆಸರಿಸುತ್ತಾನೆ. ಕಡಲು ಯಾರನ್ನೂ ತಡೆಯಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಪ್ರವಾದಿಯವರು ನಿಧನರಾದ 632ರಲ್ಲೇ ಇಸ್ಲಾಂ ಸುನ್ನಿ, ಶಿಯಾ ಎಂದು ಎರಡಾಗಿ ಒಡೆಯಿತೆನ್ನುವುದು ರೂಢಿಯ ಮಾತಾದರೂ ನನಗೆ ಅದು ಅವಸರದ ಮಾತೆಂದೇ ತೋರುತ್ತದೆ. ಪ್ರವಾದಿಯವರ ಉತ್ತರಾಧಿಕಾರಿ ಯಾರೆಂಬ ವಿವಾದವು 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರ ಹತ್ಯೆಯಾದ ಮೇಲೆ ಶೋಕದ ರೂಪವನ್ನು ತಾಳಿ, ಹನ್ನೆರಡನೆಯ ಇಮಾಮರು ಅಗೋಚರರಾಗಿದ್ದಾರೆಂಬ ಶ್ರದ್ಧೆ ನೆಲೆಗೊಂಡ ಹತ್ತನೆಯ ಶತಮಾನದಲ್ಲಷ್ಟೇ ದೃಢವಾದ ಸಿದ್ಧಾಂತವಾಯಿತು. 963ರ ಮೊಹರಮಿನಲ್ಲಿ ಶಿಯಾ ಮತದ ಬೂಯಿ ಅರಸರ ಆಜ್ಞೆಯಂತೆ ಬಗ್ದಾದಿನ ಅಂಗಡಿಗಳು ಮುಚ್ಚಿ, ಬೀದಿಯಲ್ಲಿ ಶೋಕಾಚರಣೆ ನಡೆಯಿತು. ಸುನ್ನಿಗಳೆಂಬ ಸ್ವರೂಪವೂ ಹೀಗೆಯೇ, ಹದೀಸುಗಳ ಸಂಗ್ರಹ, ಮೊದಲ ನಾಲ್ವರು ಖಲೀಫರ ಸಮಾನ ಮನ್ನಣೆ ಮತ್ತು ನಾಲ್ಕು ಧರ್ಮಶಾಸ್ತ್ರ ಪಂಥಗಳ ಮೂಲಕ, ಎದುರಾಳಿಯನ್ನು ನೋಡುತ್ತ ನೋಡುತ್ತ, ಮೆಲ್ಲಮೆಲ್ಲನೆ ಮೈದಳೆಯಿತು.

ನಮ್ಮ ನಾಡಿಗೆ ಮರಳಿದರೆ, ಘಟ್ಟದ ಮೇಲೆ ಕತೆಯೇ ಬೇರೆ. ಇರಾನಿನಲ್ಲಿ ಸಫವಿಗಳು 1501ರಲ್ಲಿ ಶಿಯಾ ರಾಜ್ಯವನ್ನು ಸ್ಥಾಪಿಸಿದ ಬೆನ್ನಿಗೇ ವಿಜಾಪುರದ ಯೂಸುಫ್ ಆದಿಲ್ ಖಾನನು ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಹನ್ನೆರಡು ಇಮಾಮರ ಹೆಸರು ಹೇಳಿಸಿದನು. ಮಗ ಇಸ್ಮಾಯಿಲನು ಸೈನಿಕರಿಗೆ ಹನ್ನೆರಡು ಮೂಲೆಗಳ ಕೆಂಪು ಟೊಪ್ಪಿಗೆಯನ್ನೇ ತೊಡಿಸಿದನು. 1534ರಲ್ಲಿ ಪಟ್ಟವೇರಿದ ಒಂದನೆಯ ಇಬ್ರಾಹಿಮನು ಆ ಹೆಸರುಗಳನ್ನೂ ಟೊಪ್ಪಿಗೆಯನ್ನೂ ಒಟ್ಟಿಗೆ ತೆಗೆಸಿ ಸುನ್ನಿ ಮತಕ್ಕೆ ಮರಳಿದರೆ, ಅವನ ಮಗ ಅಲಿಯು ಮತ್ತೆ ಶಿಯಾ ಮತವನ್ನು ತಂದನು. ಎರಡನೆಯ ಇಬ್ರಾಹಿಮನ ಕಾಲಕ್ಕೆ ಆಸ್ಥಾನವು ಪುನಃ ಸುನ್ನಿಯಾಯಿತು. ಇರಾನಿನಿಂದ ಬಂದ ಅಧಿಕಾರಿಗಳೂ ದಖ್ಖನಿ ಸರದಾರರೂ ಪದವಿಗಾಗಿ ಸೆಣಸಿದ ಆ ಆಸ್ಥಾನದಲ್ಲಿ ಮತವೆಂಬುದು ಪಕ್ಷದ ಗುರುತೂ ಆಗಿತ್ತೆಂಬುದನ್ನು ಮರೆಯಬಾರದು.

ಕರಾವಳಿಯಲ್ಲಿ ಅಂತಹ ಫರ್ಮಾನುಗಳಿರಲಿಲ್ಲ. ಅರಬ್ಬಿ ವರ್ತಕರ ಹಡಗುಗಳೊಡನೆ ಬಂದ ಶಾಫಿ ಪಂಥವೇ ಬೈಂದೂರು ಸೀಮೆಯ ಶಿರೂರು, ಕುಂದಾಪುರದ ಗಂಗೊಳ್ಳಿಗಳ ನವಾಯತರಲ್ಲಿಯೂ ಬ್ಯಾರಿಗಳಲ್ಲಿಯೂ ಉಳಿದುಬಂದಿದ್ದರೆ, ದಖ್ಖನಿ ಉರ್ದು ಮನೆಮಾತಿನವರು ಹೆಚ್ಚಾಗಿ ಆ ನಾಲ್ಕರಲ್ಲಿ ಇನ್ನೊಂದು ಪಂಥದವರಾದ ಹನಫಿಗಳು. ಇಬ್ಬರೂ ಸುನ್ನಿಗಳೇ, ಆದರೆ ನೆಟ್ಟ ಕೋಲಿನ ನೆರಳು, ಮಧ್ಯಾಹ್ನದ ನೆರಳನ್ನು ಕಳೆದು, ಕೋಲಿನಷ್ಟೇ ಉದ್ದವಾದೊಡನೆ ಶಾಫಿಗಳಿಗೆ ಇಳಿಹೊತ್ತಿನ ನಮಾಜಾದ ಅಸರಿನ ಹೊತ್ತು ಮೊದಲಾಗುತ್ತದೆ, ಹನಫಿಗಳು ಸಾಮಾನ್ಯವಾಗಿ ಅದು ಇಮ್ಮಡಿಯಾಗುವವರೆಗೆ ಕಾಯುತ್ತಾರೆ, ಆದುದರಿಂದ ಎರಡೂ ಪಂಥದ ಮಸೀದಿಗಳಿರುವ ಊರಿನಲ್ಲಿ ಅಸರಿನ ಬಾಂಗು ಎರಡು ಬಾರಿ ಕೇಳಿಸಿದರೆ ಅಚ್ಚರಿಪಡಬೇಕಾಗಿಲ್ಲ.