ಹೆಣಿಗೆಯಿಂದ ವಿನ್ಯಾಸಕ್ಕೆ, ನೂಲಿಗೆ: ಹೊಸೂರು ಸೀಮೆಯ ಒಂದು ಟಿಪ್ಪಣಿ

ಸ್ವೆಟರ್ ಹೆಣೆದು ಮಾರಿದರೆ ಕೂಲಿ ಗಿಟ್ಟಲ್ಲ, ಹೆಣೆಯುವವರಿಗೆಲ್ಲ ಇದು ಗೊತ್ತು. ವಾರಗಟ್ಟಲೆ ದುಡಿಮೆ, ಮಾರೋದು ಒಂದೇ ಸಲ. ಅದೇ ವಿನ್ಯಾಸವನ್ನು ಸಾಲುಸಾಲಾಗಿ ಬರೆದಿಟ್ಟರೆ ಎಷ್ಟು ಸಲವಾದರೂ ಮಾರಬಹುದು. ಅಮೆರಿಕದಲ್ಲಿ ಎಲಿಜಬೆತ್ ಜಿಮ್ಮರ್‌ಮನ್ 1959ರಲ್ಲಿ ಸ್ಕೂಲ್‌ಹೌಸ್ ಪ್ರೆಸ್ ಶುರುಮಾಡಿ ವಿನ್ಯಾಸವನ್ನೂ ಉಣ್ಣೆನೂಲನ್ನೂ ಅಂಚೆಯಲ್ಲಿ ಮಾರಿದರು. 2007ರಲ್ಲಿ ಬಂದ ರಾವೆಲ್ರಿ ತಾಣದಲ್ಲಿ ವಿನ್ಯಾಸವನ್ನು ಮನೆಯಿಂದಲೇ ಮಾರಬಹುದು.

ನೂಲಿನ ಮಾತಿಗೆ ಬರೋಣ. ನಮ್ಮ ಹೊಸೂರು-ಕೃಷ್ಣಗಿರಿ ರೇಷ್ಮೆಗೂಡಿನ ಸೀಮೆ. ಎಳೆ ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ವೇಸ್ಟನ್ನು ನೂತರೆ ಹೆಣಿಗೆಗೆ ಒಳ್ಳೆಯ ನೂಲು. ಆದರೆ ನೋಡಿ, ರೇಷ್ಮೆಗೆ ಉಣ್ಣೆಯಷ್ಟು ಹಿಗ್ಗು-ಕುಗ್ಗು ಇಲ್ಲ; ಉಣ್ಣೆಯ ಅಳತೆಯಲ್ಲೇ ಹೆಣೆದರೆ ಸ್ವೆಟರ್ ಜೋತುಬೀಳುತ್ತೆ, ಕೊಂಡವರು ಮತ್ತೆ ಬರಲ್ಲ. ಮೊದಲು ಅಂಗೈಯಗಲದ ತುಂಡು ಹೆಣೆದು, ತೊಳೆದು, ಒಣಗಿಸಿ, ಕುಣಿಕೆ ಎಣಿಸಿ. ವಿನ್ಯಾಸ ಬರೆಯೋದು ಆಮೇಲೆ.