ಕಾವಿನ ಮೊದಲ ಮೂರು ದಿನ: ಮೊಟ್ಟೆಯೊಳಗೆ ಜೀವಕೋಶಗಳು ದಾರಿ ಹಿಡಿಯುವ ಬಗೆ

ರುದ್ರಪಟ್ಟಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಆಲೂಗೆಡ್ಡೆ, ಹೊಗೆಸೊಪ್ಪು, ರಾಗಿ ಬೇಸಾಯದ ಜೊತೆಗೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವುದು ಅನೇಕ ಮನೆಗಳ ರೂಢಿ. ಬೇಸಿಗೆಯಲ್ಲಿ ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಹಲವು ಮರಿಯಾಗದೆ ಕೆಡುವುದು ಈ ಮನೆಗಳಿಗೆ ಹೊಸ ಸಂಗತಿಯಲ್ಲ. ಹೇಟೆ ಸರಿಯಾಗಿ ಕೂರಲಿಲ್ಲವೆಂದೋ, ಗುಡುಗಿಗೆ ಮೊಟ್ಟೆ ಕೆಟ್ಟಿತೆಂದೋ ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಎಷ್ಟೋ ಸಲ ಹಾನಿ ಆಗಿರುವುದು ಹೇಟೆಯ ಕೆಳಗೆ ಮೊಟ್ಟೆ ಇಡುವುದಕ್ಕೂ ಮೊದಲೇ. ಇದು ಏಕೆಂದು ತಿಳಿಯಬೇಕಾದರೆ ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವ ಕ್ರಮವನ್ನು ಅರಿಯುವುದು ಅವಶ್ಯ.

ಹಳದಿಯ ಮೇಲಿನ ಬಿಳಿಚುಕ್ಕೆ

ಮೊಟ್ಟೆ ಒಡೆದು ನೋಡಿದರೆ ಹಳದಿ ಭಾಗದ ಮೇಲೆ ಸಣ್ಣದೊಂದು ಬಿಳಿಚುಕ್ಕೆ ಕಾಣುತ್ತದೆ. ಹುಂಜ ಕೂಡಿದ ಮೊಟ್ಟೆಯಲ್ಲಿ ಇದೇ ಭ್ರೂಣ. ಮೊಟ್ಟೆ ಹೇಟೆಯ ಹೊಟ್ಟೆಯಲ್ಲಿ ಸುಮಾರು ಒಂದು ದಿನ ಇರುತ್ತದೆ. ಅಲ್ಲಿನ ಬಿಸಿಯಲ್ಲಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಮೊಟ್ಟೆ ಹೊರಬರುವ ವೇಳೆಗೆ ಹತ್ತಾರು ಸಾವಿರ ಕೋಶಗಳಾಗಿರುತ್ತವೆ. ಈ ಮೂಲಕೋಶಗಳಲ್ಲಿ ಯಾವುದು ಕಣ್ಣು, ಯಾವುದು ಗುಂಡಿಗೆ, ಯಾವುದು ಕಾಲು ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಈ ಹಂತದಲ್ಲಿ ಚುಕ್ಕೆಯನ್ನು ತುಂಡು ಮಾಡಿದರೆ ಒಂದೊಂದು ತುಂಡೂ ಪೂರ್ಣ ಭ್ರೂಣವಾಗಬಲ್ಲದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಎಲ್ಲ ಕೋಶಗಳಲ್ಲಿಯೂ ಇರುವುದು ಒಂದೇ ವಂಶವಾಹಿಗಳ ಗಂಟು. ಅದರಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಿಂದ ಮಾತ್ರ ವ್ಯತ್ಯಾಸ ಉಂಟಾಗುತ್ತದೆ.

ಮೂರು ಪದರಗಳು

ಕಾವು ಸಿಕ್ಕ ಸುಮಾರು 18 ಗಂಟೆಗಳಲ್ಲಿ ಚುಕ್ಕೆಯ ನಡುವೆ ನೇಗಿಲ ಸಾಲಿನಂತಹ ಗೀರು ಮೂಡಿರುತ್ತದೆ. ಮೇಲಿನ ಕೋಶಗಳು ಈ ಸಾಲಿನ ಮೂಲಕ ಕೆಳಗಿಳಿದು ಮೂರು ಪದರಗಳಾಗುತ್ತವೆ. ಮೇಲೆ ಉಳಿದವು ಚರ್ಮ, ಗರಿ, ಮಿದುಳು, ನರಗಳ ದಾರಿ ಹಿಡಿಯುತ್ತವೆ. ನಡುವಿನವು ಗುಂಡಿಗೆ, ರಕ್ತ, ಮೂಳೆ, ಮಾಂಸಖಂಡಗಳಾಗುತ್ತವೆ. ಅಡಿಗೆ ಇಳಿದವು ಕರುಳು, ಪಿತ್ತಜನಕಾಂಗ, ಶ್ವಾಸಕೋಶಗಳ ಒಳಪದರವಾಗುತ್ತವೆ. ಎರಡನೆಯ ದಿನವೇ ಗುಂಡಿಗೆ ಮಿಡಿಯತೊಡಗುತ್ತದೆ. ಮೂರನೆಯ ದಿನ ಮುಗಿಯುವ ವೇಳೆಗೆ ರೆಕ್ಕೆ, ಕಾಲುಗಳ ಮೊಗ್ಗು ಕಾಣಿಸಿಕೊಳ್ಳುತ್ತದೆ. ಮೀನು, ಕಪ್ಪೆ, ದನ, ಮನುಷ್ಯ ಹೀಗೆ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಲ್ಲೂ ಈ ಮೂರು ಪದರಗಳ ಕ್ರಮ ಒಂದೇ.

ದಾರಿ ತೋರುವವರು ಯಾರು?

ಕೋಶ ತಾನು ಇರುವ ಜಾಗ ಮತ್ತು ನೆರೆಯ ಕೋಶಗಳಿಂದ ಬರುವ ರಾಸಾಯನಿಕ ಸೂಚನೆಗಳಿಗೆ ತಕ್ಕಂತೆ ದಾರಿ ಹಿಡಿಯುತ್ತದೆ. ನಾಲೆಯ ನೀರಿನ ಹೋಲಿಕೆಯಿಂದ ಇದನ್ನು ತಿಳಿಯಬಹುದು. ತೂಬಿನ ಬಳಿಯ ರೈತನಿಗೆ ನೀರು ಹೆಚ್ಚು, ಅವನು ಭತ್ತ ಹಾಕುತ್ತಾನೆ. ಕೊನೆಯಂಚಿನವನಿಗೆ ಕಡಿಮೆ, ಅವನು ರಾಗಿ ಬಿತ್ತುತ್ತಾನೆ. ಹಾಗೆಯೇ ಸೂಚನಾ ವಸ್ತು ಹೊರಡುವ ಜಾಗಕ್ಕೆ ಹತ್ತಿರದ ಕೋಶ ಒಂದು ಬಗೆಯದಾದರೆ ದೂರದ್ದು ಬೇರೆ ಬಗೆಯದಾಗುತ್ತದೆ.

ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ 1924ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಕಪ್ಪೆಯ ಜಾತಿಗೆ ಹತ್ತಿರದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದಿಂದ ಒಂದು ಚೂರನ್ನು ತೆಗೆದು ಅವರು ಮತ್ತೊಂದು ಭ್ರೂಣದ ಹೊಟ್ಟೆಯ ಕಡೆಗೆ ಕೂಡಿಸಿದರು. ಚರ್ಮವಾಗಬೇಕಿದ್ದ ಅಲ್ಲಿನ ಕೋಶಗಳು ನರಗಳಾದವು. ಎರಡನೆಯ ಭ್ರೂಣವೇ ಮೂಡಿತು. ಸ್ಪೇಮನ್ನರಿಗೆ 1935ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ‘ಚರ್ಮವಾಗು’ ಎಂಬ ಸೂಚನೆಯನ್ನು ತಡೆಯುವ ವಸ್ತುಗಳು ಆ ಚೂರಿನಿಂದ ಹೊರಡುತ್ತವೆಂದು ಮುಂದೆ ತಿಳಿಯಿತು.

ತೀರ್ಮಾನ ಒಂದೇ ಸಲಕ್ಕೆ ಆಗುವುದೂ ಇಲ್ಲ. ಅಮೆರಿಕದ ಜಾನ್ ಸಾಂಡರ್ಸ್ ಮತ್ತು ಸಂಗಡಿಗರು 1957ರಲ್ಲಿ ಕೋಳಿ ಭ್ರೂಣದ ತೊಡೆಯಾಗಬೇಕಿದ್ದ ಕೋಶಗಳನ್ನು ರೆಕ್ಕೆಯ ಮೊಗ್ಗಿನ ತುದಿಗೆ ಕಸಿ ಮಾಡಿದರು. ಅಲ್ಲಿ ತೊಡೆಯೂ ಬರಲಿಲ್ಲ, ರೆಕ್ಕೆಯ ತುದಿಯೂ ಬರಲಿಲ್ಲ. ಉಗುರುಳ್ಳ ಕಾಲ್ಬೆರಳು ಬಂತು. ‘ನಾನು ಕಾಲು’ ಎಂಬುದು ಆಗಲೇ ತೀರ್ಮಾನವಾಗಿತ್ತು, ‘ಕಾಲಿನ ಯಾವ ಭಾಗ’ ಎಂಬುದು ಇನ್ನೂ ಬಾಕಿ ಇತ್ತು.

ಗಿಡಕ್ಕೂ ಪ್ರಾಣಿಗೂ ಇರುವ ಭೇದ

ಅಂಗಾಂಶ ಕೃಷಿಯಲ್ಲಿ ಬಾಳೆಯ ಕಂದಿನ ಸಣ್ಣ ಚೂರಿನಿಂದ ನೂರಾರು ಸಸಿ ಪಡೆಯುತ್ತೇವೆ. ಗಿಡದ ಬೆಳೆಯುವ ತುದಿ ಜೀವಮಾನವಿಡೀ ಹೊಸ ಅಂಗಗಳನ್ನು ಕೊಡುತ್ತಿರುತ್ತದೆ. ಪ್ರಾಣಿಯ ಕೋಶ ಹಾಗಲ್ಲ. ಹಿಡಿದ ದಾರಿಯಿಂದ ತಾನಾಗಿ ಹಿಂದಿರುಗುವುದು ಅಪರೂಪ. ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ತದ್ರೂಪಿ ಎಮ್ಮೆಕರುಗಳು ಹುಟ್ಟಿದ್ದು ದೇಹದ ಕೋಶದ ಕೇಂದ್ರವನ್ನು, ತನ್ನ ಕೇಂದ್ರವನ್ನು ತೆಗೆದುಹಾಕಿದ ಅಂಡದೊಳಕ್ಕೆ ಸೇರಿಸಿದ್ದರಿಂದ. ಹಿತ್ತಲ ಮೊಟ್ಟೆಗೆ ಅಂತಹ ಎರಡನೆಯ ಅವಕಾಶವಿಲ್ಲ.

ಬೇಸಿಗೆಯಲ್ಲಿ ಆಗುವ ಹಾನಿ

ಮೊಟ್ಟೆ ಸುಮಾರು 20-21 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿದ್ದರೆ ಭ್ರೂಣ ನಿದ್ರೆಯಲ್ಲಿದ್ದಂತೆ ಬೆಳವಣಿಗೆ ನಿಲ್ಲಿಸುತ್ತದೆ. ಅದಕ್ಕೆ ಬೇಕಾದ ಕಾವು ಸುಮಾರು 37.5 ಡಿಗ್ರಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮನೆಯೊಳಗಿನ ಬಿಸಿ ಇವೆರಡರ ನಡುವೆ ಇರುತ್ತದೆ. ಆಗ ಕೋಶಗಳು ಅರೆಬರೆಯಾಗಿ ಬೆಳೆಯತೊಡಗುತ್ತವೆ. ಒಂದಕ್ಕೊಂದು ಸರಿಯಾದ ಹೊತ್ತಿಗೆ ಸೂಚನೆ ಮುಟ್ಟಿಸಬೇಕಾದ ಕ್ರಮ ತಪ್ಪುತ್ತದೆ. ಇಂತಹ ಭ್ರೂಣ ದುರ್ಬಲವಾಗಿ ಕಾವಿನ ಮೊದಲ ದಿನಗಳಲ್ಲೇ ಸಾಯುವುದು ಹೆಚ್ಚು.

ರೈತರು ಗಮನಿಸಬೇಕಾದ ಅಂಶಗಳು

1. ಮೊಟ್ಟೆಯನ್ನು ಗೂಡಿನಲ್ಲಿ ಬಿಡದೆ ಅಂದಂದೇ ತೆಗೆದಿಡಬೇಕು.

2. ಮಣ್ಣಿನ ಮಡಕೆಯನ್ನು ಒದ್ದೆ ಮರಳಿನಲ್ಲಿ ಹುಗಿದು, ಒಳಗೆ ಒಣಹುಲ್ಲು ಹಾಸಿ, ಮೊಟ್ಟೆಯ ಅಗಲ ತುದಿ ಮೇಲಿರುವಂತೆ ಇಡಬೇಕು. ಮೊಟ್ಟೆಗೆ ನೀರು ತಾಗಬಾರದು, ತೊಳೆಯಲೂ ಬಾರದು.

3. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಕಾವಿಗೆ ಬೇಡ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಗಳೊಳಗಿನದೇ ಲೇಸು.

4. ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ ಇಡಬೇಕು. ಮೊದಲ ವಾರ ಹೇಟೆಯನ್ನು ಗೂಡಿನಿಂದ ಬೆದರಿಸಿ ಎಬ್ಬಿಸಬಾರದು. ಮೇವು, ನೀರು ಹತ್ತಿರದಲ್ಲೇ ಇರಲಿ.

5. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಬೇಕು. ಜೇಡನ ಕಾಲಿನಂತೆ ರಕ್ತನಾಳ ಹರಡಿದ್ದರೆ ಭ್ರೂಣ ಜೀವಂತವಾಗಿದೆ. ಕೆಂಪು ಉಂಗುರ ಮಾತ್ರ ಕಂಡರೆ ಬೆಳೆದು ಸತ್ತಿದೆ. ಏನೂ ಕಾಣದಿದ್ದರೆ ಹುಂಜ ಕೂಡದ ಮೊಟ್ಟೆ, ಇಲ್ಲವೆ ಮೊದಲ ಒಂದೆರಡು ದಿನಗಳಲ್ಲೇ ಸತ್ತದ್ದು.

ಕೆಂಪು ಉಂಗುರದ ಮೊಟ್ಟೆಗಳು ಹೆಚ್ಚಾಗಿದ್ದರೆ ಹೇಟೆಯನ್ನು ದೂರುವ ಮೊದಲು ಮೊಟ್ಟೆ ಕೂಡಿಟ್ಟ ಜಾಗವನ್ನು ಪರೀಕ್ಷಿಸಬೇಕು. ಗುಡುಗನ್ನು ತಡೆಯುವುದು ನಮ್ಮ ಕೈಲಿಲ್ಲ. ಮಡಕೆಯನ್ನು ತಂಪಾಗಿಡುವುದು ನಮ್ಮ ಕೈಯಲ್ಲೇ ಇದೆ.